ಗುರುವಾರದ ಗಾಳಿ

ಆ ವಾಸನೆ ನಿಜಕ್ಕೂ ಹೋಗಿತ್ತೋ, ಹೋಗಲಿ ಎಂದು ನಾನು ಬಯಸಿದ್ದೇ ಈಗ ನೆನಪಾಗಿ ಕೂತಿದೆಯೋ, ಖಚಿತವಾಗಿ ಹೇಳಲಾರೆ. ಎರಡು ಸಾವಿರದ ಇಸವಿ ದಾಟಿದ ವರ್ಷಗಳು. ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ನಾನು ಎಂಜಿನಿಯರ್. ಬಣ್ಣ ಹಾಕಿದ ಬಿಡಿಭಾಗಗಳನ್ನು ಒಣಗಿಸುವ ಓವನ್‌ನಿಂದ ಥಿನ್ನರಿನ ಆವಿ ಎದ್ದು ಗೋಡೆಯಾಚೆ ಕೆಲಸಗಾರರು ವಾಸವಿದ್ದ ಸಾಲುಮನೆಗಳ ಚಾಳಿನ ತುಂಬ ಹರಡುತ್ತಿತ್ತು.

ನಮ್ಮ ಪೇಂಟ್ ಶಾಪಿನ ಕೆಲಸಗಾರನೊಬ್ಬ ಆ ಚಾಳಿನಲ್ಲೇ ಇದ್ದ, ಯಾದಗಿರಿ ಕಡೆಯವನು. ಬಾಣಂತನಕ್ಕೆ ತವರಿಗೆ ಹೋದ ಅವನ ಹೆಂಡತಿಯನ್ನು ಅತ್ತೆ ತಿರುಗಿ ಕಳಿಸಿರಲಿಲ್ಲ. "ಆ ವಾಸನ್ಯಾಗ ಕೂಸಿನ್ನ ಮಲಗಸಂಗಿಲ್ಲ" ಎಂಬುದು ಆಕೆಯ ಹಟ. ಆವಿಯನ್ನು ಸುಡುವ ಹೊಸ ಯಂತ್ರ ಬಂದಾಗಿನಿಂದ ಅವನು ನನ್ನ ಹಿಂದೆ ಬಿದ್ದಿದ್ದ: "ಯಾವಾಗ ಚಾಲೂ ಆಗ್ತದ್ರಿ ಸಾಹೇಬ್ರ?"

ಚಾಲೂ ಆದ ವಾರವೇ ಅತ್ತೆಯನ್ನು ಕರೆಸಿದ. ತನಗೆ ರಜೆ ಎಂದು ಗುರುವಾರ ಕರೆಸಿದ. ನಮ್ಮ ಭಾಗದಲ್ಲಿ ಗುರುವಾರವೇ ವಾರದ ರಜೆ, ಕಾರ್ಖಾನೆಗಳೇ ಬಂದ್. "ಒಲಿ ಹಚ್ಚದ ದಿನಾ ಕರದು ಹೊಗಿ ಇಲ್ಲ ಅಂತೀರೇನ್ರಿ ಅಳಿಯಂದ್ರ?" ಎಂದು ಆಕೆ ಅಲ್ಲೇ ಉಳಿದಳಂತೆ.

ಮರುದಿನ ಗೇಟಿನ ಬಳಿ ನನ್ನನ್ನೇ ಹಿಡಿದಳು. "ಇವತ್ತೂ ಹೊಗಿ ಕಾಣವಲ್ದು. ಇವತ್ತೂ ರಜಾ ಏನ್ರಿ?"

"ಒಳಗ ಉರಿ ಅದ, ಆಯಿ. ರೊಟ್ಟಿ ಹಂಚು ಒಮ್ಮೆ ಕಾದಮ್ಯಾಲೆ ಉರಿ ಸಣ್ಣ ಮಾಡ್ತೀರಲ್ಲ, ಹಂಗ."

ಹೊಸ ಯಂತ್ರದೊಳಗಿನ, ಸುಟ್ಟ ಮಣ್ಣಿನ ಬಿಲ್ಲೆ ತುಂಬಿದ ಎರಡು ಗೂಡುಗಳ ವಿಷಯ ಹೇಳಿದೆ. ಆವಿ ಕಾದ ಗೂಡಿನ ಮೂಲಕ ಹಾದು, ಉರಿಯಲ್ಲಿ ಪೂರ್ತಿ ಸುಟ್ಟು, ಹೊರಹೋಗುವಾಗ ತನ್ನ ಬಿಸಿಯನ್ನು ಇನ್ನೊಂದು ಗೂಡಿಗೆ ಕೊಟ್ಟು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ದಾರಿ ತಿರುಗುತ್ತದೆ. ಆ ಬಿಸಿಯೇ ಮುಂದಿನ ಆವಿಯನ್ನು ಕಾಯಿಸುತ್ತದೆ. ಹೀಗಾಗಿ ಇಂಧನ ಅಷ್ಟಾಗಿ ಬೇಡ.

ಆಕೆ ಮೂಗು ಎತ್ತಿದಳು. "ಹಂಗಾರ ಈ ಸೀದ ವಾಸನಿ?"

"ಅದು ನಮ್ಮ ಕ್ಯಾಂಟೀನಿಂದು."

ಆಕೆ ನಕ್ಕಳು. ಸ್ವಲ್ಪ ದಿನಕ್ಕೇ ತಾಯಿ, ಮಗು ಚಾಳಿಗೆ ಬಂದರು.

ನನ್ನ ನೆನಪಿನಲ್ಲಿ ಮಾತ್ರ ಈ ಮಾತುಕತೆ ಕೆಲವು ಸಲ ಗುರುವಾರವೇ ನಡೆದುಬಿಡುತ್ತಿತ್ತು. ಹಾಗಾದರೆ ಅಂದು ಓವನ್ ಆರಿತ್ತು ಎಂದಾಯಿತು. ಆಕೆ ಮೂಸಿದ್ದು ಬರೀ ಗಾಳಿ, ಕೂಸನ್ನು ಕರೆತಂದದ್ದು ನನ್ನ ಬಾಯಿಮಾತಿನ ಮೇಲೆ.

ವರ್ಷಗಳ ನಂತರ ಆ ಕೆಲಸಗಾರ ಧನಕವಡಿಯಲ್ಲಿ ಸಿಕ್ಕಾಗ, ಅದು ಯಾವ ವಾರ ಎಂದು ಕೇಳಿದೆ. "ಶುಕ್ರವಾರ್ರೀ. ನೀವು ಮಾತಾಡೂದನ್ನ ಓವನ್ ಬಾಜೂ ಕಿಟಕ್ಯಾಗಿಂದ ನೋಡಕೋತ ನಿಂತಿದ್ನಿ. ಜೀವ ಕೈಯಾಗಿತ್ತು."

ಅಷ್ಟಕ್ಕೂ ಸಮಾಧಾನವಾಗದೆ ಅಂದಿನ ಸೂಪರ್‌ವೈಸರನ್ನೂ ವಿಚಾರಿಸಿದೆ. ಕಿಟಕಿ ಬಿಟ್ಟು ಕೆಲಸ ನೋಡು ಎಂದು ಅವನಿಗೆ ಬೈದದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಅಂದರೆ ಅದು ಕೆಲಸದ ದಿನವೇ; ಅಂದು ಓವನ್ ನಡೆಯುತ್ತಿತ್ತು.