ಅಟ್ಟದ ಕೊಬ್ಬರಿ, ಇಂಕಿನ ಗೆರೆ

ಹೋದ ವಾರ ಅಟ್ಟ ಹತ್ತಿದಾಗ ಮೊದಲು ಮೂಗಿಗೆ ಬಡಿದದ್ದು ಕೊಬ್ಬರಿಯ ವಾಸನೆ. ಸಿಪ್ಪೆಯೊಳಗೇ ತಿಂಗಳುಗಟ್ಟಲೆ ಒಣಗುವ ಕಾಯಿಗೆ ಒಂದು ಥರದ ಸಿಹಿ, ಒಂದು ಥರದ ಕಮಟು... ದಂಡಿಗನಹಳ್ಳಿ ಕಡೆಯ ನಮಗೆ ಅದು ಮನೆಯದೇ ವಾಸನೆ, ಬೇರೆಯಾಗಿ ಗೊತ್ತಾಗುವುದಿಲ್ಲ. ಅವತ್ತು ಗೊತ್ತಾಯಿತು. ಮೂಲೆಯಲ್ಲಿ, ಗೋಣಿಚೀಲದ ಕೆಳಗೆ ನಾನೇ ಬಚ್ಚಿಟ್ಟಿದ್ದ ಉದ್ದನೆಯ ಗ್ರಾಫ್ ಪುಸ್ತಕ ಕೈಗೆ ಸಿಕ್ಕಿತ್ತು. ಅದಕ್ಕೂ ಅದೇ ವಾಸನೆ ಹತ್ತಿತ್ತು. ಪುಸ್ತಕ ಮೇಷ್ಟ್ರದು.

ನಾನು ಚನ್ನರಾಯಪಟ್ಟಣದ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಆರು ವರ್ಷದ ಹಿಂದೆ ಫ್ಯಾನ್ ರಿಪೇರಿಗೆಂದು ಅವರ ಮನೆಗೆ ಹೋಗಿದ್ದೆ. ರಿಟೈರಾದ ಗಣಿತದ ಮೇಷ್ಟ್ರು. ನಡುಮನೆಯ ಗೋಡೆ ತುಂಬ ಗ್ರಾಫ್ ಹಾಳೆಗಳು, ಹಾಳೆಗಳ ತುಂಬ ಕೆಂಪು ಹಸಿರು ಕಡ್ಡಿಗಳು. "ನಮ್ಮನೇಲಿ ದೇವ್ರ ಫೋಟೋ ನೇತಾಕಕ್ಕೂ ಜಾಗ ಇಲ್ಲ ಕಣಪ್ಪ" ಎಂದು ಅವರ ಹೆಂಡತಿ ನನ್ನ ಹತ್ತಿರ ದೂರು ಹೇಳಿದರು. ಅವೆಲ್ಲ ಷೇರಿನ ಚಾರ್ಟು ಎಂದು ನನಗೆ ಗೊತ್ತಾಯಿತು. ಆಗ ಟೀ ಅಂಗಡಿಯಲ್ಲೆಲ್ಲ ಅದೇ ಮಾತು, ಎಲ್ಲರ ಫೋನಿನಲ್ಲೂ ಅದೇ ವಿಡಿಯೋ. ನಾನೂ ಎರಡು ಷೇರು ಕೊಂಡು ಚೂರು ಲಾಭ ಕಂಡು, ಅಲ್ಪನಿಗೆ ಐಶ್ವರ್ಯ ಬಂದ ಹಾಗೆ ಆಡುತ್ತಿದ್ದೆ. ಫ್ಯಾನಿನ ಕೂಲಿ ಬೇಡ ಸಾ, ಇದನ್ನು ಹೇಳಿಕೊಡಿ ಎಂದೆ. ಅವರು ಕೂಲಿಯನ್ನೂ ಕೊಟ್ಟರು, ಭಾನುವಾರ ಬಾ ಎಂದೂ ಹೇಳಿದರು.

ಮೊದಲ ಮೂರು ತಿಂಗಳು ಒಂದೂ ಷೇರು ಕೊಳ್ಳಬಾರದು, ಬರೀ ಬರೆಯಬೇಕು. ಅದು ಅವರ ಕಟ್ಟಳೆ. ಫೋನಿನಲ್ಲಿ ಚಾರ್ಟು ತಾನಾಗಿ ಮೂಡುತ್ತದಲ್ಲ ಎಂದರೆ ಕೇಳುತ್ತಿರಲಿಲ್ಲ. ಬೆಳಿಗ್ಗೆ ಶುರುವಾದ ಬೆಲೆಯಿಂದ ಸಂಜೆ ಮುಗಿದ ಬೆಲೆಯವರೆಗೆ ಒಂದು ದಪ್ಪ ಕಡ್ಡಿ. ಏರಿದ್ದರೆ ಹಸಿರು, ಇಳಿದಿದ್ದರೆ ಕೆಂಪು. ನಡುವೆ ಎಲ್ಲಿಯವರೆಗೆ ಹತ್ತಿತು, ಎಲ್ಲಿಯವರೆಗೆ ಬಿತ್ತು ಎನ್ನುವುದಕ್ಕೆ ಮೇಲೆ ಕೆಳಗೆ ಸಣ್ಣ ಬತ್ತಿ. ದಿನಕ್ಕೊಂದು ಕಡ್ಡಿ. ಬೆಲೆ ಮತ್ತೆ ಮತ್ತೆ ಬಿದ್ದು, ಮತ್ತೆ ಮತ್ತೆ ಎದ್ದ ಜಾಗದಲ್ಲಿ ಸ್ಕೇಲಿಟ್ಟು ಒಂದು ಅಡ್ಡಗೆರೆ. ಅದರ ಕೆಳಗೆ ಹೋಯಿತೋ, ಮರುಮಾತಿಲ್ಲದೆ ಮಾರಿ ಈಚೆ ಬರಬೇಕು. ಆ ಗೆರೆ ಮಾತ್ರ ಇಂಕಿನಲ್ಲೇ ಎಳೆಯಬೇಕಿತ್ತು. ನಾನೊಮ್ಮೆ ಪೆನ್ಸಿಲ್ ಹಿಡಿದದ್ದಕ್ಕೆ ಕಿತ್ತುಕೊಂಡು ಜೇಬಿಗಿಟ್ಟುಕೊಂಡರು.

"ಪೆನ್ಸಿಲ್‌ನಲ್ಲಿ ಎಳೆದ್ರೆ ಮನಸ್ಸು ರಬ್ಬರ್ ಹುಡುಕ್ತದೆ. ನಾನು ಹುಡುಕ್ದೆ. ಪೆನ್ಷನ್ ದುಡ್ಡು ಹಂಗೇ ಹೋಯ್ತು."

ಅದಕ್ಕಿಂತ ಹೆಚ್ಚು ಆ ವಿಷಯ ಅವರು ಯಾವತ್ತೂ ಹೇಳಲಿಲ್ಲ.

ಇನ್ನೊಂದು ದಿನ, ನಿಮ್ಮನೆಯಲ್ಲಿ ಕೊಬ್ಬರಿ ಯಾವಾಗ ಮಾರ್ತೀರಿ ಎಂದು ಕೇಳಿದರು. ಬೆಲೆ ಬಂದಾಗ ಎಂದೆ. ಬರದಿದ್ದರೆ? ಅಟ್ಟದಲ್ಲೇ ಇರುತ್ತೆ ಸಾ, ಕೊಬ್ಬರಿಗೇನು ಕೇಡು, ಇವತ್ತಲ್ಲದಿದ್ದರೆ ನಾಳೆ ಬೆಲೆ ಬಂದೇ ಬರುತ್ತೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಮ್ಮ ಕಡೆಯೋರಿಗೆಲ್ಲ ಅದೇ ಕಾಯ್ಲೆ. ಬೆಲೆ ಬರ್ದಿದ್ರೆ ಕೊಬ್ಬರೀನ ಚಟ್ನಿಗಾದ್ರೂ ಹಾಕ್ಬೋದು. ಷೇರ್‌ನ ಏನ್ ಮಾಡ್ತೀಯ?" ಎಂದು ನಕ್ಕರು. ನಾನೂ ನಕ್ಕೆ. ಎಂಥ ದಡ್ಡ ನಾನು.

ಆ ವರ್ಷವೇ ನಮ್ಮವ್ವನ ಎರಡೂ ಮಂಡಿ ಹೋದವು. ಕಾಯಿ ಅಲ್ಲಾಡಿಸಿ ಒಳಗಿನ ಗಿಟುಕು ಒಣಗಿ ಸದ್ದು ಮಾಡುತ್ತದಾ ಎಂದು ನೋಡಲು ದಿನಕ್ಕೆ ಹತ್ತು ಸಲ ಅಟ್ಟ ಹತ್ತಿ ಇಳಿಯುತ್ತಿದ್ದ ಹೆಂಗಸು, ನೆಲದ ಮೇಲೆ ಕೈ ಊರಿ ತೆವಳುವ ಹಾಗಾಯಿತು. ಎರಡೂ ಕಾಲಿಗೆ ಆಪರೇಷನ್ ಆಗಬೇಕು, ಮಾಡಿಸಿದರೆ ನಡೆಯುತ್ತಾರೆ ಎಂದು ಹಾಸನದ ಡಾಕ್ಟರು ಹೇಳಿದರು. ಜನ್ಮದಲ್ಲಿ ಮೊದಲ ಸಲ ಅವ್ವ ಬೆಲೆಗೆ ಕಾಯಲಿಲ್ಲ. ಎರಡು ವರ್ಷದ ಕೊಬ್ಬರಿಯನ್ನು ಒಂದೇ ಏಟಿಗೆ ಮಾರಿ ದುಡ್ಡು ನನ್ನ ಕೈಗಿಟ್ಟಳು. ಆಪರೇಷನ್‌ಗೆ ಇನ್ನೂ ಐದು ತಿಂಗಳಿತ್ತು. ಅಲ್ಲಿಯವರೆಗೆ ಬ್ಯಾಂಕಿನಲ್ಲಿ ಸುಮ್ಮನೆ ಯಾಕೆ ಕೊಳೆಯಬೇಕು ಅನ್ನಿಸಿತು ನನಗೆ...

ಷೇರು ಕೊಳ್ಳಲು ನಾನು ಆರಿಸಿದ್ದು ದಿನಾ ಕೌಂಟರಿನಲ್ಲಿ ನಾನೇ ಮಾರುತ್ತಿದ್ದ ಪಂಪಿನ ಕಂಪನಿ. ಗಿರಾಕಿಗಳು ಹೆಸರು ಹಿಡಿದು ಕೇಳಿ ಒಯ್ಯುತ್ತಿದ್ದರು. ಅದರ ಚಾರ್ಟನ್ನು ಮೇಷ್ಟ್ರ ಜೊತೆ ಕೂತು ಬರೆದೆ. ಕೈ ಹಿಡಿದು ಗೆರೆಯನ್ನೂ ಎಳೆಸಿದರು. ಕೊಳ್ಳುತ್ತಿರುವುದು ಅವ್ವನ ಕಾಲಿನ ದುಡ್ಡಿನಲ್ಲಿ ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಪುಸ್ತಕ ಮುಚ್ಚಿ ಹೊರಗೆ ಕಳಿಸುತ್ತಿದ್ದರು.

ಎರಡನೇ ತಿಂಗಳು ಒಂದು ಗುರುವಾರ ಬೆಲೆ ಗೆರೆ ದಾಟಿ ಕೆಳಗಿಳಿಯಿತು. ಅಂಗಡಿಯ ಹಿಂದೆ ನಿಂತು ಫೋನ್ ನೋಡಿದೆ. ಮಾರುವ ಬಟನ್ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಇಂಥ ಪಂಪಿಗೆ ಎಲ್ಲಿ ಹೋಗುತ್ತದೆ ಬೆಲೆ, ಬಂದೇ ಬರುತ್ತದೆ, ಅಟ್ಟದಲ್ಲಿರಲಿ... ನನ್ನ ತಲೆಯೊಳಗೆ ಮಾತಾಡಿದ್ದು ಮೇಷ್ಟ್ರಲ್ಲ, ನಮ್ಮ ಹಟ್ಟಿಯ ನಾಲ್ಕು ತಲೆಮಾರು.

ಭಾನುವಾರ ಹೋದಾಗ ಚಪ್ಪಲಿ ಬಿಡುವ ಮೊದಲೇ ಕೇಳಿದರು. "ಮಾರಿದ್ಯೇನಪ್ಪಾ?"

"ಅವತ್ತೇ ಮಾರ್ದೆ ಸಾ."

ಅವರ ಮುಖ ಅರಳಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಹೆಂಡತಿಯನ್ನು ಕೂಗಿ ಕಾಫಿ ತರಿಸಿದರು. ಇಷ್ಟು ವರ್ಷ ಪಾಠ ಮಾಡಿದೀನಿ, ಹೇಳಿದ್ದನ್ನ ಹೇಳಿದ ದಿನವೇ ಮಾಡಿದ ಶಿಷ್ಯ ಇವನೊಬ್ಬ ನೋಡು ಎಂದರು. ಆ ಕಾಫಿ ಕುಡಿದೆ. ಆ ಒಂದು ಸುಳ್ಳಿನಿಂದ ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ. ಮುಂದೆ ಬೆಲೆ ಬಿದ್ದ ಹಾಗೆಲ್ಲ ದಾರಿ ಹೇಳಬಲ್ಲವರು ಅವರೊಬ್ಬರೇ. ಅವರ ಲೆಕ್ಕದಲ್ಲಿ ನನ್ನ ಹತ್ತಿರ ಆ ಷೇರೇ ಇರಲಿಲ್ಲ.

ತಡೆಯಲಾರದೆ ಒಮ್ಮೆ ಸುತ್ತಿ ಬಳಸಿ ಕೇಳಿದೆ. ನಮ್ಮ ಅಂಗಡಿ ಹತ್ತಿರ ಒಬ್ಬರಿದ್ದಾರೆ ಸಾ, ಅದೇ ಪಂಪಿನ ಷೇರು ಮಾರದೆ ಇಟ್ಟುಕೊಂಡಿದ್ದಾರೆ, ಅವರು ಈಗ ಏನು ಮಾಡಬೇಕು ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆ ತಿರುಗಿದರು. "ಇವತ್ತೂ ಹೊತ್ತು ಮೀರಿಲ್ಲ ಅಂತ ಹೇಳು. ನಾಚ್ಕೆ ಬ್ಯಾಡ, ಕರ್ಕೊಂಡ್ ಬಾ" ಎಂದರು.

ನಾನು ಕರೆದುಕೊಂಡು ಹೋಗಲಿಲ್ಲ. ನಾನೂ ಹೋಗುವುದನ್ನು ಬಿಟ್ಟೆ. ಷೇರು ಮಾರಲೂ ಇಲ್ಲ, ಬೆಲೆ ಇಳಿಯುತ್ತಲೇ ಹೋಯಿತು. ಅವರ ಬೀದಿ ತಪ್ಪಿಸಿ ಸುತ್ತುಹಾಕಿ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದೆ. ಆಪರೇಷನ್ ದಿನ ಹತ್ತಿರ ಬಂದಾಗ, ಡಾಕ್ಟರು ಫಾರಿನ್ನಿಗೆ ಹೋಗಿದ್ದಾರೆ ಎಂದು ಅವ್ವನಿಗೂ ಸುಳ್ಳು ಹೇಳಿದೆ. "ಬರ್ಲಿ ಬುಡು. ನನ್ ಕಾಲೇನು ಓಡೋಯ್ತದಾ" ಎಂದು ಅವ್ವ ನಕ್ಕಳು. ಹಿತ್ತಲಿಗೆ ಹೋಗಿ ಬಾಯಿಗೆ ಟವೆಲ್ ತುರುಕಿಕೊಂಡು ಅತ್ತೆ. ಆಮೇಲೂ ಅವಳು ಕೇಳಿದಾಗೆಲ್ಲ ಅದೇ ಸುಳ್ಳು, ವರ್ಷಗಟ್ಟಲೆ.

ಅದೇ ವರ್ಷದ ಕೊನೆಗೆ ಮೇಷ್ಟ್ರು ಹೋದರು. ಅಂಗಡಿಗೆ ವೈರ್ ಕೊಳ್ಳಲು ಬಂದವರ ಬಾಯಲ್ಲಿ ಸುದ್ದಿ ಕೇಳಿದೆ. ಹನ್ನೊಂದನೇ ದಿನ ಹೋದಾಗ ಅವರ ಹೆಂಡತಿ, ಇದು ನಿನ್ನದಂತೆ ಎಂದು ಗ್ರಾಫ್ ಪುಸ್ತಕ ಕೊಟ್ಟರು. ಬಸ್ಸಿನಲ್ಲಿ ಕೂತು ತೆರೆದೆ. ನಾವಿಬ್ಬರೂ ಬರೆದ ಚಾರ್ಟು ಆ ಗುರುವಾರಕ್ಕೆ ನಿಂತಿತ್ತು. ಗೆರೆಯ ಪಕ್ಕ ಅವರ ಸಣ್ಣ ಅಕ್ಷರ: "ಮಾರಿದ. ಕಲಿತ." ಆಮೇಲಿನ ಚೌಕಗಳೆಲ್ಲ ಖಾಲಿ.

ಹಾಳೆ ತಿರುವಿದೆ. ಮೇಲೆ "ಅಂಗಡಿ ಹತ್ತಿರದವರಿಗೆ" ಎಂದು ಬರೆದಿತ್ತು. ಕೆಳಗೆ ಅದೇ ಪಂಪಿನ ಷೇರು, ದಿನಕ್ಕೊಂದು ಕಡ್ಡಿ, ಕೆಂಪೋ ಕೆಂಪು. ಅಲ್ಲಲ್ಲಿ ಒಂದೊಂದು ಹೊಸ ಇಂಕಿನ ಗೆರೆ, ಪಕ್ಕದಲ್ಲಿ "ಇಲ್ಲಿ ಹೊರಬಂದರೂ ಅರ್ಧ ಉಳಿಯುತ್ತದೆ", ಇನ್ನೂ ಕೆಳಗೆ "ಇಲ್ಲಿ ಬಂದರೆ ಕಾಲುಭಾಗ". ಪ್ರತಿ ಭಾನುವಾರದ ಖಾಲಿ ಚೌಕದಲ್ಲಿ ಎರಡೇ ಪದ: "ಇನ್ನೂ ಬಂದಿಲ್ಲ." ಕೊನೆಕೊನೆಗೆ ಕಡ್ಡಿಗಳು ಸೊಟ್ಟಗಾಗಿದ್ದವು. ಆ ಅಂಗಡಿ ಹತ್ತಿರದವನು ನಾನೇ ಎಂದು ಅವರಿಗೆ ಗೊತ್ತಿತ್ತೋ, ಇಲ್ಲವೋ...

ಹೋದ ವಾರ ಅಟ್ಟದ ಮೇಲೆ ಆ ಪುಸ್ತಕ ಹಿಡಿದು ಕೂತಿದ್ದಾಗ ಕೆಳಗಿಂದ ಅವ್ವ ಕೂಗಿದಳು. "ಲೇ, ಕೊಬ್ರಿ ಎಲ್ಲಾ ಇಳಿಸ್ಬುಡ್ಲಾ. ಬೆಲೆ ಎಷ್ಟಾರ ಆಗ್ಲಿ, ಮಾರ್ಬುಡನ, ಆಗಿನ್ ದುಡ್ಡು ಈಗ ಸಾಲ್ದು. ಆ ಡಾಕ್ಟ್ರು ಬಂದ್ರಂತಾ?"

ಇಷ್ಟು ವರ್ಷ ಆಡದ ಮಾತು ಅದು ಹೇಗೆ ಬಾಯಿಂದ ಬಂತೋ ಕಾಣೆ. "ಡಾಕ್ಟ್ರು ಎಲ್ಗೂ ಓಗಿರ್ಲಿಲ್ಲ ಕಣವ್ವ. ದುಡ್ಡು ಕಳೆದ್ಬುಟ್ಟೆ" ಎಂದೆ. ಮೇಷ್ಟ್ರ ಪಾಠ, ಪಂಪು, ಷೇರು, ಗೆರೆ, ಎಲ್ಲವನ್ನೂ ಹೇಳಿದೆ. ಕೆಳಗೆ ನೆಲಕ್ಕೆ ಕೈ ಊರಿ ಸೀರೆ ಎಳೆದುಕೊಂಡು ತೆವಳುವ ಸದ್ದು ಬಂತು. ಏಣಿಯ ಬುಡಕ್ಕೆ ಬಂದು ನಿಂತಿತು.

"ಮೇಷ್ಟ್ರಿಗಾರ ಯೋಳಿದ್ಯೇನ್ಲಾ?" ಎಂದಳು.

"ಇಲ್ಲ ಕಣವ್ವ" ಎಂದೆ.