ದೊಡ್ಡಮ್ಮ ಕರೆಯುವುದನ್ನು ನಿಲ್ಲಿಸಿದಾಗ

ಫ್ರೀಜರ್‌ನಿಂದ ತೆಗೆದ ಸಿಗಡಿಯ ಪೊಟ್ಟಣವನ್ನು ಸಿಂಕ್‌ನಲ್ಲಿ ನೀರಿಗೆ ಹಾಕಿಟ್ಟರೆ ಹತ್ತು ನಿಮಿಷದಲ್ಲಿ ಆ ವಾಸನೆ ಏಳುತ್ತದೆ. ಉಪ್ಪು, ಪಾಚಿ, ಜೊತೆಗೆ ಇನ್ನೇನೋ ಹಳಸಿದ್ದು. ಆಸ್ಟಿನ್‌ನ ನನ್ನ ಅಪಾರ್ಟ್‌ಮೆಂಟಿನಲ್ಲಿ ಜೊತೆಗಿರುವ ಹುಡುಗಿ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯುತ್ತಾಳೆ. ನನಗೆ ಮಾತ್ರ ಹ್ಯೂಸ್ಟನ್ ಬಳಿಯ ಸೈಪ್ರೆಸ್‌ನ ಆ ಮನೆಯ ಗರಾಜ್ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ: ಗೋಡೆಗೆ ಒರಗಿಸಿದ ನಾಲ್ಕು ಗಾಳದ ಕೋಲುಗಳು, ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳ ಡಬ್ಬಿ, ಎರೆಯ ಸಿಗಡಿಯ ಡಬ್ಬಿ, ಬಾಗಿಲ ಬಳಿ ಯಾವಾಗಲೂ ಒದ್ದೆಯಾಗಿರುತ್ತಿದ್ದ ಒಂದು ಜೊತೆ ದಪ್ಪ ಬೂಟು.

ಅದು ವಸಂತಿ ದೊಡ್ಡಮ್ಮನ ಮನೆ. ಅಮ್ಮನ ಅಕ್ಕ ಅವರು, ಉಡುಪಿಯ ಕಡಲ ಬದಿಯಲ್ಲಿ ಬೆಳೆದವರು. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ದೊಡ್ಡಮ್ಮ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿ ದುಡಿಯುತ್ತ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದರು. ಅಪ್ಪನಿಗೆ ನಾಲ್ಕು ಗಂಟೆ ದಾರಿಯ ಇರ್ವಿಂಗ್‌ನಲ್ಲಿ ಕಾಂಟ್ರಾಕ್ಟ್ ಕೆಲಸ ಸಿಕ್ಕಿ, ಅದು ಎಷ್ಟು ದಿನದ್ದೋ ತಿಳಿಯದೆ, ಅಮ್ಮ ಮತ್ತು ನಾನು ದೊಡ್ಡಮ್ಮನ ಜೊತೆ ನಿಂತೆವು. ಹಾಗೆ ನಿಂತದ್ದು ನಾಲ್ಕು ವರ್ಷ. ಬೆಳಿಗ್ಗೆ ತೆಂಗಿನಕಾಯಿ ತುರಿಯುವ ಸದ್ದಿಗೆ ಏಳುತ್ತಿದ್ದೆ. ಮೇಲಿನ ಮಹಡಿಯ ಬಟ್ಟೆಯ ಕ್ಲಾಸೆಟ್ಟೇ ದೇವರ ಕೋಣೆ; ಅಲ್ಲಿ ಊದುಬತ್ತಿ ಹಚ್ಚಿದರೆ ಹೊಗೆಯ ಅಲಾರಂ ಕೂಗುತ್ತದೆಂದು ದೊಡ್ಡಮ್ಮ ಹೂವು ಮಾತ್ರ ಇಡುತ್ತಿದ್ದರು. ಶನಿವಾರ ಮೀನು ಹಿಡಿಯಬಹುದು, ತಿನ್ನುವ ಹಾಗಿಲ್ಲ ಎಂಬುದು ಅವರ ಕಟ್ಟಳೆ. ಹಿಡಿದದ್ದು ಐಸ್‌ನಲ್ಲಿ ಮಲಗಿದ್ದು ಭಾನುವಾರ ಕೆಂಪು ಸಾರಾಗುತ್ತಿತ್ತು. ಅಪ್ಪ ವಾರಾಂತ್ಯಕ್ಕೆ ಬಂದಾಗ, ಭಾನುವಾರ ಸಂಜೆ ಹೊರಡುವ ಮುಂಚೆ ಅದನ್ನು ಎರಡು ಸಲ ಬಡಿಸಿಕೊಳ್ಳುತ್ತಿದ್ದರು.

ನನಗೆ ಹತ್ತು ತುಂಬಿದ ವರ್ಷ, ನವೆಂಬರ್‌ನ ಒಂದು ಶನಿವಾರ, ದೊಡ್ಡಮ್ಮ ಮೊದಲ ಬಾರಿಗೆ ನನ್ನನ್ನೂ ಗ್ಯಾಲ್ವೆಸ್ಟನ್‌ಗೆ ಕರೆದುಕೊಂಡು ಹೋದರು. ಅಮ್ಮನಿಗೆ ಮನಸ್ಸಿರಲಿಲ್ಲ. ಮಗು ಇಲ್ಲೇ ಪುಸ್ತಕ ಓದಿಕೊಂಡಿರಲಿ ಎಂದಳು. ಸಮುದ್ರ ನೋಡದೆ ಬೆಳೆದ ಮಗು ಎಂಥದ್ದು ಎಂದು ದೊಡ್ಡಮ್ಮ ನಕ್ಕು ಕಾರಿನ ಬಾಗಿಲು ತೆರೆದರು. ದಡದಿಂದ ಸಮುದ್ರದೊಳಗೆ ಬಹುದೂರ ಚಾಚಿಕೊಂಡ ಕಲ್ಲಿನ ಕಟ್ಟೆ ಅಲ್ಲಿತ್ತು. ಎಲ್ಲರೂ ಅದನ್ನು ಜೆಟ್ಟಿ ಎನ್ನುತ್ತಿದ್ದರು. ಕಾರಿನಷ್ಟು ದೊಡ್ಡ ಗ್ರಾನೈಟ್ ಬಂಡೆಗಳು, ನಡುನಡುವೆ ಕಪ್ಪು ಸಂದುಗಳು, ಆ ಸಂದುಗಳ ತಳದಲ್ಲಿ ನೀರು ಯಾರೋ ಉಸಿರೆಳೆದಂತೆ ಒಳಹೋಗಿ ಹೊರಬರುತ್ತಿತ್ತು. ಒಂದು ಕಡೆ ಬಂಡೆಯೊಂದು ಕುಸಿದು ಜೆಟ್ಟಿಯ ಅಗಲಕ್ಕೂ ಬಿರುಕು ಬಿಟ್ಟಿತ್ತು. ದೊಡ್ಡಮ್ಮ ಮೊದಲು ತಾವು ದಾಟಿ, ಆಚೆಯಿಂದ ನನ್ನ ಎರಡೂ ಕೈ ಹಿಡಿದು ಎತ್ತಿಕೊಂಡರು. ಆಗಲೇ ನನಗೆ ವಾಪಸ್ ಬರುವುದರ ಚಿಂತೆ ಹತ್ತಿತು.

ಫೋನ್ ಒದ್ದೆಯಾಗದಿರಲಿ ಎಂದು ಕಾರಿನಲ್ಲೇ ಬಿಟ್ಟಿದ್ದರು. ಬಿರುಕಿನ ಈಚೆಗೆ, ದಡದ ಕಡೆಗೆ, ಕೆಂಪು ಬಕೆಟ್ ಇಟ್ಟುಕೊಂಡ ಒಬ್ಬ ವಿಯೆಟ್ನಾಮಿನ ಅಜ್ಜ ಕೂತಿದ್ದರು, ಆಚೆಗೆ ನಾವಿಬ್ಬರೇ. ಮಧ್ಯಾಹ್ನ ಉಬ್ಬರ ಏರತೊಡಗಿದಾಗ ದೊಡ್ಡಮ್ಮನ ಕೋಲು ಬಿಲ್ಲಿನಂತೆ ಬಾಗಿತು. ದೊಡ್ಡ ರೆಡ್‌ಫಿಶ್. ಅದನ್ನು ಎಳೆದುಕೊಳ್ಳಲು ಅವರು ಪಾಚಿ ಹಿಡಿದ ಕೆಳಗಿನ ಬಂಡೆಗಿಳಿದರು, ಜಾರಿದರು. ಎಡಗಾಲು ಎರಡು ಬಂಡೆಗಳ ನಡುವೆ ಮೊಣಕಾಲಿನವರೆಗೆ ಹೋಗಿ ಸಿಕ್ಕಿಕೊಂಡಿತು. ಎಳೆದರು, ತಿರುಗಿಸಿದರು, ಬರಲಿಲ್ಲ. ಒಂದು ಅಲೆ ಬಂದು ಸೊಂಟದವರೆಗೆ ನೆನೆಸಿ ಹೋಯಿತು. ಆಮೇಲೆ ತುಂಬ ಸಾವಧಾನದ ದನಿಯಲ್ಲಿ ನನ್ನನ್ನು ನೋಡಿ ಹೇಳಿದರು: "ಮಗಾ, ಅಲ್ಲಿ ಅಜ್ಜ ಇದ್ದಾರಲ್ಲ, ಅವರನ್ನು ಕರ್ಕೊಂಡು ಬಾ. ನಿಧಾನಕ್ಕೆ ಹೋಗು."

ನಾನು ಹೋದೆ. ಬಿರುಕಿನವರೆಗೆ ಹೋದೆ. ಬೆಳಿಗ್ಗೆ ತಳದಲ್ಲಿದ್ದ ನೀರು ಈಗ ಬಿರುಕಿನ ತುಂಬ ಬಿಳಿ ನೊರೆಯಾಗಿ ನುಗ್ಗುತ್ತಿತ್ತು. ಅಜ್ಜನನ್ನು ಕೂಗಿದೆ, ಅಲೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಅವರು ಟೋಪಿಯಿದ್ದ ಜಾಕೆಟ್ ಹಾಕಿಕೊಂಡು ಆಚೆ ಮುಖ ಮಾಡಿದ್ದರು. ಒಂದು ಕಾಲು ಮುಂದಿಟ್ಟೆ, ಹಿಂದೆ ತೆಗೆದೆ. ಮತ್ತೆ ಇಟ್ಟೆ. ಕೂತುಬಿಟ್ಟೆ. "ಐ ಕಾಂಟ್" ಎಂದು ಹೇಳಿದ್ದು ನೆನಪಿದೆ, ಯಾರಿಗೂ ಅಲ್ಲ. ಹಿಂದೆ ದೊಡ್ಡಮ್ಮ ನನ್ನ ಹೆಸರು ಹಿಡಿದು ಕರೆದರು. ಒಮ್ಮೆ, ಮತ್ತೊಮ್ಮೆ. ನಾನು ತಿರುಗಿ ನೋಡಲಿಲ್ಲ. ಮುಂದೆ ಹೋಗಲು ನೀರಿನ ಹೆದರಿಕೆ, ಹಿಂದಕ್ಕೆ ಹೋಗಲು ಅವರ ಮುಖದ ಹೆದರಿಕೆ. ಮೊಣಕಾಲ ನಡುವೆ ತಲೆ ಇಟ್ಟು ಕಲ್ಲಿನ ಮೇಲಿನ ಒಂದು ಚಿಪ್ಪನ್ನೇ ನೋಡುತ್ತ ಕೂತೆ. ಆಮೇಲೆ ಕರೆ ನಿಂತಿತು. ಅದು ನಿಂತದ್ದೇ ಎಲ್ಲಕ್ಕಿಂತ ಭಯಂಕರವಾಗಿತ್ತು. ದೊಡ್ಡಮ್ಮ ಮುಳುಗಿದರು ಅಂದುಕೊಂಡೆ. ಆಗಲೂ ತಿರುಗಲಿಲ್ಲ.

ಎಷ್ಟು ಹೊತ್ತೋ ಗೊತ್ತಿಲ್ಲ. ದೊಡ್ಡಮ್ಮನ ಒಣಹುಲ್ಲಿನ ಹ್ಯಾಟ್ ಉಬ್ಬರದ ಜೊತೆ ಜೆಟ್ಟಿಯ ಪಕ್ಕದಲ್ಲೇ ತೇಲಿಕೊಂಡು ಹೋಗಿ ಆ ಅಜ್ಜನ ಕಣ್ಣಿಗೆ ಬಿದ್ದಿತ್ತು. ಅವರು ಬಿರುಕು ದಾಟಿ ಬಂದು, ನನ್ನ ತಲೆಯ ಮೇಲೆ ಒಂದು ಕ್ಷಣ ಕೈ ಇಟ್ಟು, ಮುಂದೆ ಓಡಿದರು. ಎದೆಮಟ್ಟದ ನೀರಿನಲ್ಲಿ ನಿಂತು ಮೀನು ಕೊಯ್ಯುವ ಚಾಕುವಿನಿಂದ ದೊಡ್ಡಮ್ಮನ ಬೂಟನ್ನು ಸೀಳಿ ಕಾಲು ಬಿಡಿಸಿದರು. ಇಬ್ಬರೂ ಬರುವುದನ್ನು ನೋಡಿದೆ: ದೊಡ್ಡಮ್ಮನ ತುಟಿ ನೀಲಿ, ಬರಿಗಾಲಿನಿಂದ ರಕ್ತ. ಅಜ್ಜ ನನ್ನನ್ನು ಎತ್ತಿಕೊಂಡು ಬಿರುಕು ದಾಟಿಸಿ, ಮತ್ತೆ ಬಂದು ದೊಡ್ಡಮ್ಮನಿಗೆ ಹೆಗಲು ಕೊಟ್ಟರು. ದೊಡ್ಡಮ್ಮ ಒಂದೇ ಕಾಲಿನಲ್ಲಿ ಡ್ರೈವ್ ಮಾಡುತ್ತ, ಹೀಟರ್ ಜೋರಾಗಿ ಹಾಕಿ, ಸೈಪ್ರೆಸ್‌ವರೆಗೆ ಒಂದು ಮಾತೂ ಇಲ್ಲದೆ ಬಂದರು. ನಾನು ದಾರಿಯುದ್ದಕ್ಕೂ ಅವರು ಅಮ್ಮನಿಗೆ ಹೇಳುವ ವಾಕ್ಯವನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳುತ್ತಿದ್ದೆ.

ಬಾಗಿಲಲ್ಲೇ ಅಮ್ಮ ಚೀರಿದಳು. ದೊಡ್ಡಮ್ಮ ಗೋಡೆ ಹಿಡಿದುಕೊಂಡು, ನನ್ನ ಕಡೆ ನೋಡದೆ, "ಇವಳು ಓಡಿಹೋಗಿ ಆ ಅಜ್ಜನನ್ನು ಕರ್ಕೊಂಡು ಬರದಿದ್ರೆ ನಾನಿವತ್ತು ಇರ್ತಿರಲಿಲ್ಲ" ಎಂದರು.

ಆ ಮಾತು ಮನೆಯಿಂದ ಹೊರಗೆ ಹೋಯಿತು. ದೀಪಾವಳಿಗೆ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ನಲ್ಲಿ ಆಂಟಿಯರು ನನ್ನ ಕೆನ್ನೆ ಸವರಿದರು. ಅಪ್ಪ ಹೊಸ ಸೈಕಲ್ ತಂದರು. ನಾನು ಅದನ್ನು ಹೆಚ್ಚು ತುಳಿಯಲಿಲ್ಲ. ಅಮ್ಮ ಕಥೆ ಶುರುಮಾಡಿದಾಗಲೆಲ್ಲ ದೊಡ್ಡಮ್ಮ ಈಗ ನಿಜ ಹೇಳಿಬಿಡುತ್ತಾರೆ ಎಂದು ಹೆದರುತ್ತಿದ್ದೆ. ಅವರು ಹೇಳಲಿಲ್ಲ. ಕಾಲು ವಾಸಿಯಾದ ಮೇಲೆ ಹೊಸ ಬೂಟು ಕೊಂಡು ಮತ್ತೆ ಜೆಟ್ಟಿಗೆ ಹೋಗತೊಡಗಿದರು, ಒಬ್ಬರೇ. ಆ ಶನಿವಾರಗಳಲ್ಲಿ ಅವರ ಕಾರು ತಿರುವಿನಲ್ಲಿ ಕಾಣುವವರೆಗೆ ನಾನು ಮುಂದಿನ ಕೋಣೆಯ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಅಪ್ಪನ ಕೆಲಸ ಕಾಯಂ ಆಗಿ ನಾವು ಇರ್ವಿಂಗ್‌ಗೆ ಶಿಫ್ಟ್ ಆದಾಗ ನನಗೆ ಅಳುವಿನ ಜೊತೆ ಸಣ್ಣ ಬಿಡುಗಡೆಯೂ ಸಿಕ್ಕಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ನನಗೆ ಹದಿನಾರಾದಾಗ ದೊಡ್ಡಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಹ್ಯೂಸ್ಟನ್‌ನ ಆಸ್ಪತ್ರೆಯಲ್ಲಿ, ಅಮ್ಮ ಕಾಫಿಗೆಂದು ಕೆಳಗೆ ಹೋದಾಗ, ನನ್ನ ಮುರುಕು ಕನ್ನಡದಲ್ಲೇ ಹೇಳಿದೆ: "ದೊಡ್ಡಮ್ಮ, ನಾನು ಅವತ್ತು ಹೋಗ್ಲೇ ಇಲ್ಲ. ಅಲ್ಲೇ ಕೂತಿದ್ದೆ."

"ಗೊತ್ತುಂಟು," ಎಂದರು. "ನಾನಿದ್ದಲ್ಲಿಂದ ಕಾಣ್ತಿತ್ತು. ನಿನ್ನನ್ನು ಕಳಿಸಿದ ಮೇಲೆ ಆ ನೊರೆ ನೋಡಿದೆ. ವಾಪಸ್ ಬಾ ಅಂತ ಕರೆದೆ. ಆಮೇಲೆ ಯೋಚನೆ ಬಂತು, ನನ್ನ ದನಿ ಕೇಳಿ, ಬೇಗ ಹೋಗು ಅಂತಿದ್ದೇನೆ ಅಂದ್ಕೊಂಡು ಇವಳು ದಾಟ್ಲಿಕ್ಕೆ ಹೊರಟ್ರೆ? ಅದಕ್ಕೇ ಸುಮ್ಮನಾದೆ. ಅಲ್ಲೇ ಕೂತಿರ್ಲಿ ಅಂತ."

ಹಾಗಾದರೆ ಅಮ್ಮನಿಗೆ ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ. ಹಠ ಮಾಡಿ ಕರೆದುಕೊಂಡು ಹೋದವಳು ತಾನು, ತಂಗಿಯ ಮುಂದೆ ಬೇರೆ ಏನು ಹೇಳಲಿಕ್ಕೆ ಮುಖ ಇತ್ತು ಎಂದರು. ನನ್ನ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು.

ಅದಾಗಿ ಮೂರು ವಾರಕ್ಕೆ ಅವರು ಹೋದರು. ಮನೆ ಮಾರಾಟವಾಯಿತು, ಕೊಂಡವರು ಗರಾಜ್‌ನ ಗೋಡೆ ಒಡೆದು ಕೋಣೆ ಮಾಡಿಕೊಂಡಿದ್ದಾರಂತೆ. ಅಮ್ಮ ಪ್ರತಿ ವರ್ಷ ದೊಡ್ಡಮ್ಮನ ತಿಥಿಯ ದಿನ ಊಟಕ್ಕೆ ಬಂದವರಿಗೆ ನಾನು ಬಿರುಕು ಹಾರಿದ ಕಥೆ ಹೇಳುತ್ತಾಳೆ. ಅವಳ ಕಥೆಯಲ್ಲಿ ಅಲೆಗಳು ಈಗ ಇನ್ನಷ್ಟು ಎತ್ತರವಾಗಿವೆ, ಅವಳ ಅಕ್ಕ ಕಾರಿನ ಬಾಗಿಲಲ್ಲಿ ಇನ್ನೂ ನಗುತ್ತಿದ್ದಾರೆ. ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನು ತಲೆ ತಗ್ಗಿಸಿ ಅನ್ನ ಕಲಸುತ್ತೇನೆ. ಅವತ್ತು ನಡೆದದ್ದನ್ನು ಬಲ್ಲವರು ಆ ಮನೆಯವರಲ್ಲಿ ಇಬ್ಬರಿದ್ದೆವು, ಈಗ ನಾನೊಬ್ಬಳೇ.