ಕುರ್ಚಿ ಕೇಳಿದ ಪಿ.ಟಿ. ಟೀಚರ್

ನಮ್ಮ ಪಿ.ಟಿ. ಟೀಚರ್ ಎಡಗೈಯ ಕಿರುಬೆರಳು ನಡುವಿನಿಂದ ಹೊರಕ್ಕೆ ತಿರುಗಿತ್ತು. ಚಹಾದ ಕಪ್ಪು ಎತ್ತಿದಾಗಲೂ ಅದು ಉಳಿದ ಬೆರಳುಗಳ ಜೊತೆ ಕೂಡದೆ ಬೇರೆಯಾಗಿಯೇ ನಿಲ್ಲುತ್ತಿತ್ತು. ಮಾನ್ವಿಯ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಅವರು ಬಂದ ಮೊದಲ ದಿನವೇ, "ಬಾಗಿಲದಾಗ ಸಿಕ್ಕಿತ್ತೇನ್ರೀ ಟೀಚರ್?" ಎಂದು ಕೇಳಿಬಿಟ್ಟಿದ್ದೆ.

"ಇಲ್ಲವಾ, ಪೆನಾಲ್ಟಿ ತಡದಿದ್ದೆ," ಎಂದರು.

ನೆರೆಯ ದೇಶಗಳ ಹೆಣ್ಣುಮಕ್ಕಳ ತಂಡಗಳು ಸೇರಿ ಆಡುವ ಅಂತರರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಶಿಪ್‌ನಲ್ಲಿ, ದೇವದುರ್ಗದ ಈ ಹೆಣ್ಣುಮಗಳು ನಮ್ಮ ದೇಶದ ಗೋಲ್‌ಕೀಪರ್ ಆಗಿದ್ದರು. ಸೆಮಿಫೈನಲ್‌ನಲ್ಲಿ ಬೆರಳು ಮುರಿಯಿತು. ತಂಡದ ಜೊತೆ ಡಾಕ್ಟರನ್ನೇ ಕಳಿಸಿರಲಿಲ್ಲ. ಮುರಿದ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿಕೊಂಡು ಫೈನಲ್ ಆಡಿದರು. ಕಪ್ ಬಂತು. ಬೆರಳು ಸೊಟ್ಟಗೇ ಕೂಡಿಕೊಂಡಿತು. ರಾಯಚೂರು ಸ್ಟೇಷನ್ನಿನಲ್ಲಿ ಇಳಿದಾಗ ಎದುರುಗೊಳ್ಳಲು ನಿಂತಿದ್ದವರು ಅವರ ತಾಯಿ ಒಬ್ಬರೇ. "ಪೇಪರಿನ್ಯಾಗ ನಾಕು ಸಾಲು ಬಂದಿತ್ತು. ಅದ್ರಾಗೂ ನನ್ನ ಹೆಸ್ರು ತಪ್ಪು," ಎಂದು ಅವರು ನಗುತ್ತಿದ್ದರು. ಆಗ ನಾವೂ ನಕ್ಕೆವು. ಈಗ ನೆನೆದರೆ ನನಗೆ ನಗು ಬರುವುದಿಲ್ಲ.

ದೇಶಕ್ಕೆ ಆಡಿ ಬಂದವರಿಗೆ ಸಿಕ್ಕಿದ್ದು ಅತಿಥಿ ಶಿಕ್ಷಕಿಯ ಕೆಲಸ. ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಅದನ್ನೇ ಅವರು ದೊಡ್ಡ ಹುದ್ದೆಯಂತೆ ಮಾಡಿದರು. ಬೆಳಗ್ಗೆ ಐದೂವರೆಗೆ ಮೈದಾನದಲ್ಲಿ ಸೀಟಿ ಕೇಳುತ್ತಿತ್ತು. ಬಿದ್ದವಳು "ಸಾರಿ ಟೀಚರ್" ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಬಿದ್ದಿದ್ದಕ್ಕ ಯಾಕ ಸಾರಿ ಕೇಳ್ತಿ? ಏಳು!" ಆಟ ಮುಗಿದ ಮೇಲೆ ಮಂಡಾಳ ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ತರಿಸಿ, ಎಲ್ಲರಿಗೂ ಹಂಚಿ, ಉಳಿದರೆ ತಾವು ತಿನ್ನುತ್ತಿದ್ದರು.

ನನ್ನ ಅಬ್ಬಾ ಬಸ್ ಸ್ಟ್ಯಾಂಡ್ ಹತ್ತಿರ ಬಳೆ ಅಂಗಡಿ ಇಟ್ಟಿದ್ದರು. ನಾನು ಆಡಲು ಹೋಗುತ್ತೇನೆಂದು ತಿಳಿದು ಮನೆಯಿಂದ ಹೊರಗೆ ಬಿಡುವುದನ್ನೇ ನಿಲ್ಲಿಸಿದರು. ಮೂರನೆಯ ದಿನ ಟೀಚರ್ ನೇರ ಅಂಗಡಿಗೆ ಬಂದರು. ಅಬ್ಬಾ, "ಮಂದಿ ಏನರ ಅಂತಾರ್ರೀ ಮೇಡಂ," ಎಂದರು.

"ಅಣ್ಣಾರ, ಮಂದಿ ನಿಮ್ಮ ಮಗಳ ಕಾಲು ನೋಡ್ತಾರಂತ ನೀವು ಆಕಿನ್ನ ಮನ್ಯಾಗ ಕುಂದ್ರಿಸೀರಿ. ನೋಡೋರನ್ನ ಯಾರೂ ಮನ್ಯಾಗ ಕುಂದ್ರಸಲ್ಲ. ಇದು ಯಾವ ನ್ಯಾಯ ಹೇಳ್ರಿ?"

ಅಬ್ಬಾ ಹರಡಿದ್ದ ಬಳೆಗಳನ್ನೆಲ್ಲ ಜೋಡಿಸಿಟ್ಟರು. ಕೊನೆಗೆ, "ಉದ್ದನ್ನ ಪ್ಯಾಂಟ್ ಹಾಕ್ಕೊಂಡು ಆಡ್ಲಿ," ಎಂದರು. ಮರುದಿನ ಟೀಚರ್ ನನ್ನನ್ನು ಗೋಲಿನಲ್ಲಿ ನಿಲ್ಲಿಸಿದರು.

ನಾನು ಕಾಲೇಜು ಸೇರಿದ ಮೇಲೂ ದಿನಾ ಬೆಳಗ್ಗೆ ಅವರ ಹತ್ತಿರ ಹೋಗುತ್ತಿದ್ದೆ. ಆ ಹೊತ್ತಿಗೆ ನಮ್ಮಲ್ಲೇ ಬೆಳೆದ ಯಾಪಲದಿನ್ನಿಯ ಹುಡುಗಿಯೊಬ್ಬಳು ಅದೇ ಚಾಂಪಿಯನ್‌ಶಿಪ್‌ಗೆ ದೇಶದ ತಂಡಕ್ಕೆ ಆಯ್ಕೆಯಾದಳು. ಮಾನ್ವಿಯ ಯಾವ ಟಿವಿಯಲ್ಲೂ ಫೈನಲ್ ಬರಲಿಲ್ಲ. ಟೀಚರ್ ಮೊಬೈಲನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ನಿಲ್ಲಿಸಿದರು. ಇಪ್ಪತ್ತು ಜನ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನೋಡಿದೆವು. ನಮ್ಮ ಹುಡುಗಿ ಗೋಲು ಹೊಡೆದಾಗ ಎಲ್ಲರೂ ಕೂಗಿದೆವು, ಟೀಚರ್ ಮಾತ್ರ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು.

ಗೆದ್ದು ಬಂದವಳಿಗೆ ರಾಯಚೂರಿನಲ್ಲಿ ಸನ್ಮಾನವೆಂದರು. ವೇದಿಕೆಯ ತುಂಬ ಮುಖಂಡರು ಕುಳಿತಿದ್ದರು. ಹುಡುಗಿ ಮಾತ್ರ ಅಂಚಿನಲ್ಲಿ, ಹೂವಿನ ಕುಂಡದ ಪಕ್ಕ, ಒಂದೂವರೆ ತಾಸು ನಿಂತೇ ಇದ್ದಳು. ನಿರೂಪಕ ಆಕೆಯನ್ನು ಕಬಡ್ಡಿ ಆಟಗಾರ್ತಿ ಎಂದ. ಭಾಷಣ ಮಾಡಿದ ಮುಖಂಡರೊಬ್ಬರು, "ಆಡಿದ್ದು ಸಾಕವಾ, ಇನ್ನ ಜಲ್ದಿ ಮದುವಿ ಊಟ ಹಾಕ್ಸು," ಎಂದರು. ಸಭೆ ಗೊಳ್ಳೆಂದು ನಕ್ಕಿತು.

ನನ್ನ ಪಕ್ಕದಲ್ಲಿದ್ದ ಟೀಚರ್ ಎದ್ದರು. ವೇದಿಕೆ ಹತ್ತಿ ಮೈಕಿನ ಮುಂದೆ ನಿಂತರು.

"ನಾನು ಈಕಿಗಿ ಆಟ ಕಲಿಸಿದಾಕಿ. ಈಕಿ ಆಡಿದ್ದು ಕಬಡ್ಡಿ ಅಲ್ರೀ, ಫುಟ್‌ಬಾಲ್. ದೇಶಕ್ಕ ಗೋಲು ಹೊಡದು ಬಂದಾಳ. ಈಕಿಗಿ ಕುಂದ್ರಾಕ ಒಂದು ಕುರ್ಚಿ ಇಲ್ಲ. ನಿಮ್ಮೊಳಗ ಯಾರರ ಒಬ್ರು ಏಳ್ರಿ."

ಯಾರೂ ಏಳಲಿಲ್ಲ. ಟೀಚರ್ ಮೈಕು ಬಿಡಲಿಲ್ಲ. "ಏಳ್ರಿ, ನಾನು ಕಾಯ್ತೀನಿ," ಎಂದರು. ಕೊನೆಗೆ ಮದುವೆ ಊಟ ಕೇಳಿದವರೇ ಮುಖ ಕೆಂಪಗೆ ಮಾಡಿಕೊಂಡು ಎದ್ದರು. ಹುಡುಗಿ ಕುಳಿತಳು.

ಮುಂದಿನ ವರ್ಷ ಟೀಚರ್ ಅರ್ಜಿ ತಿರಸ್ಕಾರವಾಯಿತು. ಕಾರಣ ಬರೆದಿರಲಿಲ್ಲ. ರಾಯಚೂರಿನ ಶಿಕ್ಷಣ ಇಲಾಖೆಯ ಕಚೇರಿಗೆ ಕೇಳಲು ಹೋದರೆ, "ನಿಮಗ ಗೊತ್ತಿಲ್ಲೇನ್ರೀ?" ಎಂದರಂತೆ. ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಮೈದಾನದ ಗೇಟಿಗೆ ಬೀಗ ಬಿತ್ತು.

ಸಿರವಾರ ರಸ್ತೆಯ ರೈಸ್ ಮಿಲ್ಲಿನ ಮಾಲೀಕರು ಭತ್ತ ಒಣಗಿಸುವ ಅಂಗಳವನ್ನು ಬೆಳಗಿನ ಎರಡು ತಾಸು ಬಿಟ್ಟುಕೊಟ್ಟರು. ಸಿಮೆಂಟಿನ ನೆಲ. ಬಿದ್ದರೆ ಮೊಣಕಾಲಿನ ಚರ್ಮ ಕಿತ್ತು ಬರುತ್ತಿತ್ತು. ಆದರೂ ಟೀಚರ್ ಆರು ವರ್ಷ ಅಲ್ಲೇ ಕಲಿಸಿದರು. ದಿನಾ ದೇವದುರ್ಗದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು, ಏಕೆಂದರೆ ಮಾನ್ವಿಯ ಬಾಡಿಗೆ ಮನೆ ಬಿಟ್ಟು ತಾಯಿಯ ಮನೆ ಸೇರಿದ್ದರು. ನಾನು ಒಮ್ಮೆ, "ಆವತ್ತು ಸುಮ್ನ ಇದ್ದಿದ್ರ ಕೆಲಸ ಉಳೀತಿತ್ತಲ್ರೀ," ಎಂದೆ. ನನ್ನನ್ನೇ ನೋಡಿದರು. "ಹುಡುಗಿ ನಿಂತಿದ್ಳು, ನೋಡಿದ್ಯಲ್ಲಾ? ನೀನೂ ಸುಮ್ನ ಕುಂತಿದ್ದಿ." ಅಷ್ಟೇ ಹೇಳಿದರು.

ಹೋದ ಬೇಸಿಗೆಯಲ್ಲಿ ಜಾಂಡೀಸ್ ಆಗಿ ಹನ್ನೊಂದೇ ದಿನದಲ್ಲಿ ತೀರಿಕೊಂಡರು. ದೇವದುರ್ಗದಲ್ಲಿ ಮಣ್ಣು ಮಾಡಿದೆವು. ವಾರದೊಳಗೆ ರಾಯಚೂರಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಅವರನ್ನು ತೆಗೆದುಹಾಕಿದ ಕಚೇರಿಯಿಂದಲೇ ಸಂತಾಪದ ಪತ್ರ ಬಂದಿತ್ತು: ಜಿಲ್ಲೆಯ ಹೆಮ್ಮೆಯ ಪುತ್ರಿ, ತುಂಬಲಾರದ ನಷ್ಟ. ಶಿಷ್ಯೆಯೆಂದು ಅದನ್ನು ಓದಲು ನನ್ನನ್ನು ಕರೆದರು. ಪತ್ರ ಕೈಯಲ್ಲಿತ್ತು. ಓದಲಿಲ್ಲ. ಜನ್ಮದಲ್ಲಿ ಮೊದಲ ಸಲ ಸಭೆಯಲ್ಲಿ ದನಿ ಎತ್ತಿ, "ಇಷ್ಟು ಹೆಮ್ಮಿ ಇದ್ರ ಅವರನ್ನ ಯಾಕ ತಗದ್ರಿ?" ಎಂದು ಕೇಳಿದೆ. ಸಭೆ ಬೇಗ ಮುಗಿಯಿತು.

ಅಂದಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ ಈಗ ನಾನು ನೋಡಿಕೊಳ್ಳುವ ಬಳೆ ಅಂಗಡಿಯನ್ನು ಅಬ್ಬಾಗೆ ಬಿಟ್ಟು ರಾಯಚೂರಿನ ಆ ಕಚೇರಿಗೆ ಹೋಗುತ್ತೇನೆ. ಅರ್ಜಿ ತಿರಸ್ಕರಿಸಿದ ಕಾರಣವನ್ನು ಬರೆದು ಕೊಡಿ ಎಂದು ಕೇಳುತ್ತೇನೆ. ಹೋದ ಸಲ ಗುಮಾಸ್ತರು ಕನ್ನಡಕ ತೆಗೆದು, "ತೀರಿಕೊಂಡೋರ ಅರ್ಜಿ, ಇನ್ನ ಯಾಕ ಓಡಾಡ್ತಿಯವಾ? ಬಿಟ್ಟಬಿಡು," ಎಂದರು.

"ನೀವು ಬರ್ದು ಕೊಡ್ರಿ, ಬಿಡ್ತೀನಿ," ಎಂದು ಬೆಂಚಿನ ಮೇಲೆ ಕುಳಿತೆ.